ಒಂದು ಸೀಟಿ

ಗೋವಾದಲ್ಲಿ ಕಟ್ಟಿದ್ದಂತೆ. ಫೈಬರಿನ ಮೈ, ಎರಡೇ ಸೀಟು.
ಬಂದರಿನ ಗೋದಾಮಿನಲ್ಲಿ ಹನ್ನೊಂದು ವರ್ಷ
ಹರಿದ ಬಲೆಯ ಮೂಟೆ ಹೊತ್ತು ಮಲಗಿತ್ತು.
ಬಿಡಿಸಿ ತಂದವನು ನಾನು,
ಬಸ್ಸಿನವರು ಕೊನೆಗೆ ಕೊಟ್ಟ ದುಡ್ಡಿನಲ್ಲಿ.
ಮನೆಯವಳು ಕೇಳಿದ್ದು ಒಂದೇ ಮಾತು:
"ಇದಕ್ಕೆ ಬ್ರೇಕ್ ಉಂಟಾ?"

ಇರಲಿಲ್ಲ ಅಂತಲ್ಲ. ಇತ್ತು,
ಕಚೇರಿಯ ಗುಮಾಸ್ತನ ಹಾಗೆ:
ಎರಡು ಸಲ ಕರೆದ ಮೇಲೆ ತಲೆಯೆತ್ತುತ್ತಿತ್ತು.

ಕುದ್ರೋಳಿಯ ಇದಿನಬ್ಬ ಚಕ್ರ ಬಿಚ್ಚಿದ.
ಹಿಂದಿನ ಡ್ರಮ್ಮಿನೊಳಗೆ ಉಪ್ಪುಗಾಳಿ ಹೊಕ್ಕು
ತುಕ್ಕಿನ ಸಂಸಾರ ಹೂಡಿತ್ತು.
ಬ್ರೇಕ್ ಎಣ್ಣೆಗೆ ಚಾದ ಬಣ್ಣ.
"ಇದು ನೀರು ಕುಡಿಯುವ ಜಾತಿ ಮಾರಾಯ್ರೆ,
ನಮ್ಮ ಊರಿನ ಗಾಳಿಯಿಂದಲೇ ಕುಡಿಯುತ್ತದೆ.
ಬಿಸಿಯಾದರೆ ಕುದಿಯುತ್ತದೆ, ಕುದಿದರೆ
ನಿಮ್ಮ ಕಾಲಡಿ ಪೆಡಲ್ ಇರುವುದಿಲ್ಲ, ಬರೀ ಹಬೆ."

ಎಂಜಿನ್ ಮುಟ್ಟುವುದು ಬೇಡ ಅಂದೆ.
ಅವನು ಸ್ಪ್ಯಾನರ್ ನಿಲ್ಲಿಸಿ ನನ್ನ ಮುಖ ನೋಡಿದ.
ಇಂಥ ಗಾಡಿ ತರುವ ಹುಡುಗರು ಓಟ ಕೇಳುತ್ತಾರೆ,
ಅದಿಲ್ಲದಿದ್ದರೆ ಸದ್ದನ್ನಾದರೂ ಕೇಳುತ್ತಾರೆ.

ಮುಂದಕ್ಕೆ ಗಾಳಿಯಾಡುವ ದಪ್ಪ ಡಿಸ್ಕು.
ಹಿಂದಕ್ಕೂ ಡಿಸ್ಕು, ಬೇರೆ ಯಾವುದೋ ಗಾಡಿಯ ಕ್ಯಾಲಿಪರು.
ಹದಿಮೂರು ಇಂಚಿನ ಚಕ್ರ ಅದಕ್ಕೆ ತಾಗಿತು,
ಹದಿನಾಲ್ಕು ತಂದೆವು.
ಮಾಸ್ಟರ್ ಸಿಲಿಂಡರು ಸಾಲದೆ ಹೋಯಿತು, ಅದೂ ಹೊಸತು.
ಒಂದನ್ನು ನಿಲ್ಲಿಸಲು ಹೊರಟರೆ
ಎಷ್ಟೆಲ್ಲ ಕದಲಬೇಕು.

ಕೊನೆಗೆ ಗಾಳಿ ತೆಗೆಯುವ ಕೆಲಸ.
ನಾನು ಒಳಗೆ, ಅವನು ಚಕ್ರದ ಬುಡದಲ್ಲಿ, ಬರೀ ಸ್ವರ:
ಒತ್ತಿ.
ಒತ್ತಿ.
ಹಿಡಿಯಿರಿ, ಹಿಡಿಯಿರಿ...
ಬಿಡಿ.
ನಳಿಗೆಯಲ್ಲಿ ಗುಳ್ಳೆ, ಮತ್ತೊಂದು ಗುಳ್ಳೆ.

ಹೀಗೆ ಬೆನ್ನ ಹಿಂದಿನಿಂದ ನನ್ನ ಕಾಲನ್ನು ಆಳಿದವನು
ಕಂಡಕ್ಟರ್ ಗ್ರೆಗರಿ,
ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ, ಇಪ್ಪತ್ತಾರು ವರ್ಷ.
ಒಂದು ಸೀಟಿ: ನಿಲ್ಲು. ಎರಡು ಸೀಟಿ: ಹೋಗು.
ಎರಡಕ್ಕೇ ನನ್ನ ಕಿವಿ ಪಳಗಿತ್ತು.
ಮೂಲ್ಕಿಯಲ್ಲಿ ಟೈಮ್ ಕೀಪರ್ ವಾಚು ನೋಡುತ್ತಿದ್ದ.
ಒಂದು ನಿಮಿಷ ತಡವಾದರೆ
ಹಿಂದಿನ ಬಸ್ಸಿನವ ಬಂದು ಬೈಯುತ್ತಿದ್ದ,
ತಾಯಿಯನ್ನೂ ಬಿಡದೆ.

ಕೊಲ್ನಾಡಿನಲ್ಲಿ, ಬೆಳಿಗ್ಗೆ ಏಳು ಹತ್ತಕ್ಕೆ,
ಒಬ್ಬ ಹುಡುಗ ದಿನಾ ಕೈ ಅಡ್ಡ ಹಿಡಿಯುತ್ತಿದ್ದ.
ಇನ್ನೊಂದು ಕೈಯಲ್ಲಿ ಸ್ಟೀಲಿನ ಟಿಫಿನ್ನು.
ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲದೆಂದು ಅವನಿಗೂ ಗೊತ್ತಿತ್ತು,
ಆದರೂ ಹಿಡಿಯುತ್ತಿದ್ದ.
ಅವನು ಧೂಳಾಗುವವರೆಗೆ ಕನ್ನಡಿಯಲ್ಲಿ ನೋಡುತ್ತಿದ್ದೆ —
ಇಲ್ಲ, ಸುಳ್ಳು.
ಕನ್ನಡಿ ನೋಡುವಷ್ಟು ಟೈಮ್ ಎಲ್ಲಿತ್ತು.

ತಣ್ಣೀರುಬಾವಿ ರಸ್ತೆ, ಬೆಳಗಿನ ಐದು.
ಹೊಸ ಪ್ಯಾಡು ಡಿಸ್ಕಿಗೆ ಹೊಂದಬೇಕು:
ಅರವತ್ತಕ್ಕೆ ಏರಿಸಿ ಹತ್ತಕ್ಕೆ ಇಳಿಸುವುದು, ಎಂಟು ಸಲ.
"ಪೂರ್ತಿ ನಿಲ್ಲಿಸಬೇಡಿ," ಇದಿನಬ್ಬ ಹೇಳಿ ಕಳಿಸಿದ್ದ,
"ಕಾದ ಡಿಸ್ಕಿನಲ್ಲಿ ಪ್ಯಾಡಿನ ಗುರುತು ಕೂತರೆ
ಆಮೇಲೆ ಪೆಡಲಿಗೆ ನಡುಕ."
ನಿಲ್ಲುವುದನ್ನು ಕಲಿಯುವಾಗ ನಿಲ್ಲಬಾರದಂತೆ!
ಐದನೆಯದಕ್ಕೆ ಸುಟ್ಟ ವಾಸನೆ ಬಂತು,
ಎಂಟನೆಯದಕ್ಕೆ ಕಾಲಿಗೆ ಏನೋ ಗಟ್ಟಿ ಸಿಕ್ಕಿತು,
ಕತ್ತಲಲ್ಲಿ ಗೋಡೆ ಸಿಕ್ಕ ಹಾಗೆ.

ತಣಿಯಲಿ ಎಂದು ಹೆದ್ದಾರಿ ಹಿಡಿದೆ.
ಸುರತ್ಕಲ್, ಮುಕ್ಕ, ಹಳೆಯಂಗಡಿ.
ಕೊಲ್ನಾಡಿನಲ್ಲಿ ಬಸಳೆಯ ಕಟ್ಟು ಹೊತ್ತ ಒಬ್ಬಾಕೆ
ಕೈ ಅಡ್ಡ ಹಿಡಿದಿದ್ದಳು.
ನನಗಲ್ಲ, ನನ್ನ ಹಿಂದೆ ಬೊಬ್ಬೆ ಹಾಕುತ್ತಿದ್ದ ಎಕ್ಸ್‌ಪ್ರೆಸ್ಸಿಗೆ.
ಅದು ನನ್ನನ್ನೂ ಅವಳನ್ನೂ
ಒಂದೇ ಹಾರ್ನಿನಲ್ಲಿ ದಾಟಿ ಹೋಯಿತು.

ಯಾರೂ ಸೀಟಿ ಊದಲಿಲ್ಲ. ಕಾಲು ತಾನಾಗಿ ಹೋಯಿತು.
ಗಾಡಿ ತುಸು ಮೂಗು ತಗ್ಗಿಸಿ,
ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ
ಅವಳ ಎದುರು ನಿಂತಿತು.
ಆರುತ್ತಿದ್ದ ಡಿಸ್ಕು ಟಿಕ್, ಟಿಕ್.

ಅವಳು ಬಗ್ಗಿ, ಮಾಡಿಲ್ಲದ ಗಾಡಿಯನ್ನು
ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.
"ಮೂಲ್ಕಿಗೆ ಹೋಗ್ತದಾ?"
"ಹೋಗ್ತದೆ. ಟೈಮಿಂಗ್ ಇಲ್ಲ."

ಬಸಳೆಯನ್ನು ಮಡಿಲಲ್ಲಿಟ್ಟು ಕೂತಳು.
ಬಾಗಿಲು ಎಳೆದುಕೊಂಡು, ಅಭ್ಯಾಸಬಲ,
ಅದರ ಹೊರಮೈಗೆ ಬಡಿದಳು,
ಎರಡು ಸಲ.