ಮೂರು, ಆರು

ಸೊಹಾರಿನ ಸನಾಯ್ಯಾದಲ್ಲಿ ಹನ್ನೆರಡೂವರೆಗೆ
ಶಟರ್ ಅರ್ಧ ಎಳೆದು
ಉಳಿದರ್ಧದಲ್ಲಿ ನುಗ್ಗುವ ಬೆಳಕಲ್ಲೇ ಕೆಲಸ.
ಲಾರಿಯ ಕ್ಯಾಬಿನ್ನು ಮುಂದಕ್ಕೆ ಬಾಗಿದೆ,
ನಮಸ್ಕಾರ ಹಾಕಲು ಹೋಗಿ ಬೆನ್ನು ಹಿಡಿದುಕೊಂಡವನ ಹಾಗೆ.
ವಾದಿ ಜಿಝಿಯ ಏರಿನಲ್ಲಿ, ನಲವತ್ತು ಟನ್ ಜಲ್ಲಿ ಹೊತ್ತು,
ಒಂದು ಸಲ ಕೆಮ್ಮಿ, ಎರಡು ಸಲ ಬಡಿದು
ಸುಮ್ಮನಾಯಿತಂತೆ.

ನೂರಬಾದ್‌ಶಾ ಟೈರಿನ ಮೇಲೆ ಕೂತಿದ್ದಾನೆ.
ಟ್ರಿಪ್ಪಿಗಿಷ್ಟು ಎಂದು ಅವನ ಸಂಬಳ; ನಿಂತ ಲಾರಿಗೆ ಟ್ರಿಪ್ಪಿಲ್ಲ.
ನೀರು ನೋಡಿದ್ದೆ, ಆಯಿಲ್ ನೋಡಿದ್ದೆ ಎಂದು
ಬೆಳಗಿನಿಂದ ನಾಲ್ಕು ಸಲ ಹೇಳಿದ್ದಾನೆ,
ಕೇಳದವರಿಗೂ, ಶೆಡ್ಡಿನ ಬೆಕ್ಕಿಗೂ.

ಅರ್ಬಾಬ್ ಸುಲೈಮ್ ಫೋನಿನಲ್ಲಿ:
ಇದನ್ನೇ ಕಟ್ಟುತ್ತೀಯೋ, ಬೇರೆ ಕೂರಿಸುತ್ತೀಯೋ?
ಕಟ್ಟಿದರೆ ಸಾವಿರದ ಇನ್ನೂರು ರಿಯಾಲ್, ಹದಿನೈದು ದಿನ;
ಲೈನರು, ಪಿಸ್ಟನ್ನು, ಮೆಟಲ್ ಸೆಟ್ಟು, ಹೆಡ್ಡಿಗೆ ಫೇಸಿಂಗು,
ಕ್ರ್ಯಾಂಕು ಮತ್ತೊಮ್ಮೆ ಗ್ರೈಂಡಿಂಗಿಗೆ.
ಬೇರೆ ಎಂದರೆ ಶಾರ್ಜಾದ ಗುಜರಿಯದು,
ಯಾವ ದೇಶದ ಚಳಿಯಲ್ಲಿ ಎಷ್ಟು ಓಡಿತ್ತೋ,
ಎರಡು ಸಾವಿರ. ವಾರಂಟಿ ಮೂವತ್ತು ದಿನ, ಅದೂ ಬಾಯಿಮಾತು.
ಮುಲ್ಕಿಯಾದಲ್ಲಿ ಎಂಜಿನ್ ನಂಬರು ತಿದ್ದಿಸುವ ಅಲೆದಾಟ ಬೇರೆ.
ಯಾವುದಾದರೂ ಸರಿ, ಡ್ರೈವರನಿಂದ ಅರ್ಧ ಮುರಿಯುತ್ತೇನೆ, ಅಂದರು.
ಬಿಚ್ಚಿ ನೋಡಿ ಹೇಳುತ್ತೇನೆ, ಅಂದೆ.
ಮೂವತ್ತು ವರ್ಷದಿಂದ ನನ್ನಲ್ಲಿರುವುದು ಇದೊಂದೇ ಉತ್ತರ.

ಸಂಪು ಇಳಿಸಿದೆವು.
ಆಯಿಲಿನಲ್ಲಿ ಮೆಟಲು ಮಿನುಗುತ್ತಿತ್ತು,
ಮದುವೆಯ ಮರುದಿನ ಚಾಪೆಯಲ್ಲಿ ಸಿಗುವ ಜರಿಯ ಚೂರಿನಂತೆ.
ಮುಖ್ಲೆಸ್ ಬೇರಿಂಗ್ ಕ್ಯಾಪುಗಳನ್ನು ಒಂದೊಂದೇ ಬಿಚ್ಚಿ
ಬಂದ ಕ್ರಮದಲ್ಲೇ ರಟ್ಟಿನ ಮೇಲೆ ಸಾಲಾಗಿಟ್ಟ,
ಒರೆಸಿ ಕೇಳಿದ:
ಉಸ್ತಾದ್, ಇದು ಯಾವ ಕಂಪನಿಯ ಗುರುತು?

ಟಾರ್ಚು ಹಿಡಿದೆ.
೧.
೨.
ಪಂಚಿನಿಂದ ಚುಕ್ಕೆಗೆ ಚುಕ್ಕೆ ಸೇರಿಸಿ ಬರೆದದ್ದು, ಬಾಲ ಸಮೇತ.
ಸ್ಲೇಟಿನ ಮೇಲೆ ತಿದ್ದಿ ಪಳಗಿದ ಕೈ.
ಯಾರಪ್ಪ ನೀನು, ಹರಿಹರದವನೋ, ಭಟ್ಕಳದವನೋ,
ಯಾವ ವೀಸಾದಲ್ಲಿ ಬಂದು, ಯಾವ ಶೆಡ್ಡಿನಲ್ಲಿ
ಇದರ ಹೊಟ್ಟೆಯಡಿ ಅಂಗಾತ ಮಲಗಿ
ನಿನಗೊಬ್ಬನಿಗೆ ಮಾತ್ರ ತಿಳಿಯಲೆಂದು ಬರೆದುಕೊಂಡೆ?
ಒಂದು ಗಳಿಗೆ, ಸುಳ್ಳೇಕೆ,
ಇದನ್ನೇ ಕಟ್ಟಿಬಿಡೋಣ ಅನ್ನಿಸಿತು.

ಮೂರನೆಯ ಜಾಗದಲ್ಲಿ ೬ ಇತ್ತು.
ಆರನೆಯದರಲ್ಲಿ ೩.

ನಡುವೆ ಇನ್ನೊಬ್ಬ ಬಿಚ್ಚಿದ್ದಾನೆ.
ಓದಲು ಬಾರದವನಿಗೆ ಎರಡೂ ಅವಳಿ,
ಬಾಲದಲ್ಲಷ್ಟೇ ವ್ಯತ್ಯಾಸ.
ಕ್ಯಾಪು ಅದರದರ ಜಾಗದಲ್ಲೇ ಕೊರೆದದ್ದು;
ಕೂದಲೆಳೆ ಆಚೀಚೆಯಾದರೆ ಆಯಿಲಿನ ಪೊರೆ ನಿಲ್ಲದು.
ಹೀಗೇ ಓಡಿದೆ ಏಳು ತಿಂಗಳು, ಬಂದರಿಗೂ ಬೆಟ್ಟಕ್ಕೂ,
ಒಳಗೊಳಗೇ ಉಜ್ಜಿಕೊಂಡು.
ನೀರು ನೋಡಿದ್ದ. ಆಯಿಲ್ ನೋಡಿದ್ದ.

ಮೈಕ್ರೋಮೀಟರಿಗೆ ಊರಿನ ಹಂಗಿಲ್ಲ.
ಕ್ರ್ಯಾಂಕು ಹಿಂದೆಯೇ ಕೊನೆಯ ಸೈಜಿಗೆ ಇಳಿದಿತ್ತು,
ಮೂರನೆಯ ಮನೆ ಸುಟ್ಟು ನೀಲಿಗಟ್ಟಿತ್ತು,
ಬ್ಲಾಕಿನಲ್ಲಿ ಉಗುರು ಸಿಕ್ಕುವಷ್ಟು ಬಿರುಕು.
ಫೋನು ಮಾಡಿದೆ: ಬೇರೆಯದೇ ಆಗಬೇಕು.
ಮತ್ತೆ ಅರ್ಬಾಬ್, ತಪ್ಪು ಡ್ರೈವರನದಲ್ಲ.
ಯಾರದು ಮತ್ತೆ?
ಅಂಕಿಯದು, ಅಂದೆ.
ಎಷ್ಟು, ಅಂದರು, ಬಿಲ್ಲೆಂದುಕೊಂಡು.
ಬಿಡಿಸಿ ಹೇಳಿದೆ. ಅತ್ತ ಕಡೆ ಚಮಚ ಕಪ್ಪಿಗೆ ತಾಗುತ್ತಲೇ ಇತ್ತು.
ನೋಡೋಣ, ಅಂದರು.
ನೂರಬಾದ್‌ಶಾನಿಗೆ ಅದನ್ನೇ ಹೇಳಿದೆ, ಎರಡು ಸಲ.

ಗುರುವಾರ ಶಾರ್ಜಾದ್ದು ಬಂತು, ಹಲಗೆಗೆ ಸರಪಳಿ ಬಿಗಿದು,
ಮೈಮೇಲೆ ಹಳದಿ ಬಣ್ಣದಲ್ಲಿ ಯಾರದೋ ಫೋನ್ ನಂಬರು.
ಸಂಪು ಬಿಚ್ಚಿ ನೋಡದೆ ಕೂರಿಸುವವನಲ್ಲ ನಾನು.
ಪಂಚು ಹಿಡಿದು ಮೊದಲ ಕ್ಯಾಪಿನ ಮುಂದೆ ತುಸು ಹೊತ್ತು ಕೂತೆ.
ಕೈ ತಾನಾಗಿ ಸೊನ್ನೆ ಸುತ್ತಿ ೧ ಮಾಡಲು ಹೊರಟಿತ್ತು.

ಬರೀ ಚುಕ್ಕೆ ಹಾಕಿದೆ. ಒಂದಕ್ಕೆ ಒಂದು, ಎರಡಕ್ಕೆ ಎರಡು.
ಮುಖ್ಲೆಸ್ ತನ್ನ ಭಾಷೆಯಲ್ಲಿ ಎಣಿಸುತ್ತ ಲೈಟು ಹಿಡಿದ.
ಏಳನೆಯದರಲ್ಲಿ ಸುತ್ತಿಗೆ ಜಾರಿ ಎಂಟು ಬಿತ್ತು.
ಇರಲಿ. ಎಂಟನೆಯ ಕ್ಯಾಪೇ ಇಲ್ಲವಲ್ಲ,
ಮುಂದೆ ಬಿಚ್ಚುವವನು ತಿಳಿದುಕೊಂಡಾನು.