ಸೀಟಿ ಊದುವ ಮುಂಚೆ

ಹತ್ತೊಂಬತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು
ಓಡಿ ಬರುವ ಹೆಂಗಸರನ್ನು ನೋಡಿದ್ದೇನೆ.
ಕಂಕುಳಲ್ಲಿ ಕೂಸು, ಕೈಯಲ್ಲಿ ಕಿತ್ತ ಚಪ್ಪಲಿ,
"ತಡೀರಿ ಅಕ್ಕಾರ, ಜರಾ ತಡೀರೀ!"
ಎಷ್ಟೋ ಸಲ ತಡೆದೆ.
ಎಷ್ಟೋ ಸಲ ಸೀಟಿ ಊದಿದೆ.
ಧೂಳಿನಲ್ಲಿ ಸಣ್ಣಗಾಗುತ್ತ ಹೋದ ಮುಖಗಳು
ಹುಮನಾಬಾದ್ ಬರುವತನಕ
ನನ್ನ ಜೊತೆ ಟಿಕೆಟಿಲ್ಲದೆ ಕೂತಿರುತ್ತಿದ್ದವು.

ನಾನು ಕಡೆಯ ಸಲ ಓಡಿದ್ದು ಎಂಟನೆಯ ಕ್ಲಾಸಿನಲ್ಲಿ, ಖೋಖೋ.
"ದೊಡ್ಡಾಕಿ ಆಗಿದಿ, ಎದಿ ಕುಣಸ್ಕೋತ ಓಡಬ್ಯಾಡ" ಅಂದಳು ಅವ್ವ.
ಅವತ್ತು ಚೌಕದಲ್ಲಿ ಕೂತವಳ ಬೆನ್ನಿಗೆ
ಮೂವತ್ತು ವರ್ಷ ಯಾರೂ ಖೋ ಕೊಡಲಿಲ್ಲ.

ನಲವತ್ತನಾಲ್ಕಕ್ಕೆ ರಾತ್ರಿಗಳು ಕೆಟ್ಟವು.
ಎರಡು ಗಂಟೆಗೆ ಎಚ್ಚರ, ಮೈಯೆಲ್ಲ ಕೆಂಡ,
ಎದೆಯೊಳಗೆ ಲೆಕ್ಕ ತಪ್ಪಿದ ಚಿಲ್ಲರೆಯ ಸದ್ದು.
ಎದ್ದು ಅಡುಗೆಮನೆಯ ಬಚ್ಚಲಿಗೆ ಮುಖ ಮಾಡಿ
ಕಾರಣ ಗೊತ್ತಿಲ್ಲದ ಅಳು ಅತ್ತು, ಮತ್ತೆ ಬಂದು ಮಲಗುವುದು.

ದವಾಖಾನೆಯ ಸಿಸ್ಟರ್ ಎಸ್ತೇರಮ್ಮ
ತೋಳಿನ ಪಟ್ಟಿ ಬಿಚ್ಚುತ್ತ ಅಂದಳು:
"ಗುಳಗಿ ಡಾಕ್ಟರ್ ಕೊಡ್ತಾರ, ತಪ್ಪದೆ ತಗೋ.
ನಾ ಮುಂಜಾನಿ ಐದಕ್ಕ ನೌಬಾದ್ ಕಡಿ ಓಡ್ಲಾಕ ಹೋಗ್ತೀನಿ.
ಬರ್ತಿದ್ರ ಬಾ. ಇಲ್ಲಂದ್ರ ಬಿಡು."
ಹೇಳುತ್ತ ಬೆನ್ನಿಗೊಂದು ತಟ್ಟಿದಳು.

ಮಗನ ಹಳೆಯ ಬೂಟು, ತುದಿಗೆ ಹತ್ತಿ ತುರುಕಿದ್ದು.
ಓಣಿ ದಾಟುವತನಕ ಮೈತುಂಬ ಶಾಲು.
ಮೊದಲ ದಿನ ಒಂದು ಲೈಟುಕಂಬದಿಂದ ಇನ್ನೊಂದು ಕಂಬ,
ಅಷ್ಟಕ್ಕೇ ಪಕ್ಕೆ ಹಿಡಿಯಿತು.
ಹಾಲಿನ ಗುರಪ್ಪ ಸೈಕಲ್ ನಿಲ್ಲಿಸಿ ಗಾಬರಿಯಾದ:
"ಯಾಕ್ರಿ ಅಕ್ಕಾ, ಯಾರರ ಸತ್ತಾರೇನು?"
ಉತ್ತರ ಕೊಡುವಷ್ಟು ಉಸಿರಿರಲಿಲ್ಲ.

ಆ ಕೆಂಪು ನೆಲದಡಿ ಹಳೆಯ ಸುರಂಗ, ಅದರಲ್ಲಿ ನೀರು.
ಮೇಲೆ ಅಲ್ಲಲ್ಲಿ ಗಾಳಿಗೆಂದು ತೋಡಿದ ಬಾವಿ.
ಒಂದರ ಕಟ್ಟೆ ಹಿಡಿದು ಬಗ್ಗಿ ಏದುತ್ತಿದ್ದೆ,
ಕೆಳಗಿನಿಂದ ತಣ್ಣಗೆ ಒಂದು ಗಾಳಿ
ಮುಖಕ್ಕೆ ಬಡಿಯಿತು.
ಅಲ್ಲೇ ಬಹಳ ಹೊತ್ತು ನಿಂತೆ.
ಎಸ್ತೇರಮ್ಮ ಕರೆಯಲಿಲ್ಲ, ಕಾದಳು.

ಈಗ ಮೂರು ಕಿಲೋಮೀಟರು.
ವಿಮಾನ ಕಲಿಯುವ ಹುಡುಗರು
ತಲೆಯ ಮೇಲೆ ಆಕಾಶ ಹರಿಯುತ್ತ ಹೋಗುವ ಹೊತ್ತಿಗೆ
ನಾವು ಹಿಂದಿರುಗಿ ಚಾ ಕುಡಿಯುತ್ತಿರುತ್ತೇವೆ, ಸಕ್ಕರೆ ಕಮ್ಮಿ.
ಮೊಣಕಾಲು ಬೈಯುತ್ತದೆ. ಗುಳಿಗೆ ಇನ್ನೂ ಇದೆ, ಅರ್ಧ.
ಅಳುವೂ ಬರುತ್ತದೆ ಒಮ್ಮೊಮ್ಮೆ,
ಓಡುವಾಗ ಬಂದರೆ ಬೆವರಿನಲ್ಲಿ ಬೆರೆತು
ಯಾರ ಲೆಕ್ಕಕ್ಕೂ ಸಿಗುವುದಿಲ್ಲ.
ನಿದ್ದೆ ಮಾತ್ರ, ಸಿಟ್ಟು ಬಿಟ್ಟ ತಂಗಿಯ ಹಾಗೆ,
ಮಾತಿಲ್ಲದೆ ಬಗಲಿಗೆ ಬಂದು ಮಲಗುತ್ತದೆ.

ಮೊನ್ನೆ ಭಾಲ್ಕಿ ಬಸ್ಸು.
ದೂರದಲ್ಲಿ ಒಬ್ಬ ಹುಡುಗಿ ಓಡಿ ಬರುತ್ತಿದ್ದಳು.
ಸೀಟಿ ತುಟಿಯಲ್ಲೇ ಇತ್ತು, ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.
ನಾನು ಅವಳ ಹೆಜ್ಜೆ ನೋಡುತ್ತಿದ್ದೆ:
ಹಿಮ್ಮಡಿ ಜೋರಾಗಿ ಊರುತ್ತಾಳೆ, ಭುಜ ಕಿವಿಗೇರಿದೆ,
ಮುಷ್ಟಿ ಬಿಗಿದಿದೆ.
ಹತ್ತಿ ಕಂಬಿ ಹಿಡಿದಳು.
"ಮುಷ್ಟಿ ಸಡ್ಲ ಬಿಡವಾ," ಅಂದೆ, "ಇನ್ನೂ ಚಂದ ಓಡ್ತಿ."

ಅವಳಿಗೆ ಏನು ಕೇಳಿಸಿತೋ.
ಗಡಿಬಿಡಿಯಲ್ಲಿ ಬೆರಳು ಬಿಚ್ಚಿ
ಬೆವರಿಗೆ ಒದ್ದೆಯಾದ ಆಧಾರ್ ಕಾರ್ಡು ತೋರಿಸಿದಳು.