ಗೇರು

ಜೂನ್ ಒಂದರಿಂದ ಬೈತಖೋಲದಲ್ಲಿ ಬೋಟುಗಳಿಗೆ ರಜೆ.
ನನಗಲ್ಲ. ಎಂಜಿನ್ನುಗಳ ಹೊಟ್ಟೆ ತೊಳೆಯುವ ತಿಂಗಳು ಇದು.
ಬೋಟಿನ ಗೇರ್‌ಬಾಕ್ಸು ಸರಳ ಜೀವ:
ಮುಂದೆ, ಹಿಂದೆ, ನಡುವೆ ಸುಮ್ಮನೆ.
ಮೂವತ್ತು ವರ್ಷ ಈ ಮೂರು ಮಾತಲ್ಲೇ
ಸಂಸಾರ ತೂಗಿಸಿದವನ ಎದುರು
ಎಸ್ಪೆರಾನ್ಸ್ ಬಾಯಿ ತಂದು ನಿಲ್ಲಿಸಿದ್ದಾರೆ
ಐವತ್ತೇಳನೇ ಇಸವಿಯ ಎಂ.ಜಿ. ಕಾರು.
ಎರಡೇ ಸೀಟು. ಮೇಲೆ ಸೂರಿಲ್ಲ,
ಬಾಗಿಲಿಗೆ ಹೊರಗಿನಿಂದ ಹಿಡಿಕೆಯೂ ಇಲ್ಲ.
ಕೈ ಒಳಗೆ ಹಾಕಿ ಹಗ್ಗ ಎಳೆಯಬೇಕು,
ಗುರುತಿನವರ ಮನೆಯ ಅಗಳಿ ತೆಗೆದ ಹಾಗೆ.

ಗೋವಾ ಇನ್ನೂ ಪೋರ್ತುಗೀಜರ ಕೈಲಿದ್ದಾಗ
ಅವರಪ್ಪ ಮಡಗಾಂವಿನಲ್ಲಿ ಕೊಂಡದ್ದಂತೆ.
ಈಗ ಮೊದಲ ಗೇರಿಗೆ ಕಬ್ಬಿಣ ಕಬ್ಬಿಣವನ್ನು ಬೈಯುತ್ತದೆ;
ಎರಡನೆಯದು ಕೂತಷ್ಟೇ ಬೇಗ ಎದ್ದು ಹಾರುತ್ತದೆ
ಬುಟ್ಟಿಯಿಂದ ಬಂಗಡೆ ಹಾರಿದಂತೆ.
"ಬೇರೆ ಯಾವುದಾದರೂ ಕೂರುತ್ತದಾ ನೋಡು, ತಾಂಡೇಲ."

ನೋಡತೊಡಗಿದೆ.

ರಟ್ಟು ಕತ್ತರಿಸಿ ಎಂಜಿನ್ನಿನ ಬೆನ್ನಿಗೆ ಒತ್ತಿ
ಬೋಲ್ಟಿನ ತೂತುಗಳನ್ನು ಗ್ರೀಸಿನಲ್ಲಿ ಮೂಡಿಸಿಕೊಂಡೆ.
ಜಾತಕ ಸುತ್ತಿಕೊಂಡವನಂತೆ
ಅದನ್ನು ಬಗಲಲ್ಲಿಟ್ಟು ಬಸ್ಸು ಹತ್ತಿದೆ.

ಹುಬ್ಬಳ್ಳಿಯ ಮೆಹಬೂಬಲಿಯ ಗುಜರಿಯಲ್ಲಿ ಅಂಬಾಸಿಡರಿನದು.
ತೂತಿಗೆ ತೂತು ಕೂಡಿತು. ಒಂದೇ ಕುಲ, ಒಂದೇ ಗೋತ್ರ.
ಮನುಷ್ಯರಿಗೆ ಸಗೋತ್ರ ಕೂಡದು, ಕಬ್ಬಿಣಕ್ಕೆ ಅದೇ ಮೇಲು.
ಆದರೆ ಈ ಹಳೇ ಮಾಡೆಲಿನದು
ಸ್ಟಿಯರಿಂಗಿನ ಕುತ್ತಿಗೆ ಹಿಡಿದು ಆಡಿಸುವ ಗೇರು;
ಇಲ್ಲಿ ಕಡ್ಡಿ ನೆಲದಿಂದ ಎದ್ದಿದೆ, ಗಿಡ್ಡಗೆ,
ತಲೆಯ ಗುಂಡು ಒಂದೇ ಮಗ್ಗುಲಲ್ಲಿ ಸವೆದು,
ಅಲ್ಲಿ ಅಪ್ಪನ ಉಂಗುರ ತಾಗುತ್ತಿತ್ತು ಅನ್ನುತ್ತಾರೆ ಬಾಯಿ.

ದಾಂಡೇಲಿಯಲ್ಲಿ ಕಾಂಟೆಸಾದ್ದು. ಐದು ಗೇರು, ಜಪಾನಿನ ತಲೆ.
ಉದ್ದ ಜಾಸ್ತಿ: ಕೂರಿಸಲು ಸೀಟಿನ ನಡುವಿನ ತಗಡು ಕೊಯ್ಯಬೇಕು.
ಬಾಯಿ ಚಹಾದ ಲೋಟ ಕೆಳಗಿಟ್ಟರು:
"ಅಪ್ಪ ಸತ್ತಾಗ ಡಾಕ್ಟರರಿಗೇ ಕೊಯ್ಯಲು ಬಿಟ್ಟವಳಲ್ಲ ನಾನು."
ಆ ಸಾಲಿನ ಮೇಲೆ ಗೆರೆ ಎಳೆದೆ.

ಶಿರಸಿಯಲ್ಲಿ, ಹರಾಜಿನಲ್ಲಿ ಬಂದ ಜಿಪ್ಸಿಯದು.
ಚಿಕ್ಕದು, ಹಗುರ, ಐದು ಗೇರು.
ನಡುವೆ ಮುಕ್ಕಾಲು ಇಂಚಿನ ತಟ್ಟೆ ಬೇಕು;
ಕೋಡಿಬಾಗದ ವಾಮನ ಪಡ್ತಿ ಲೇತಿನಲ್ಲಿ ತಿರುಗಿಸಿ ಕೊಡುತ್ತಾನಂತೆ,
ಹಣದ ಮಾತು ಮಾತ್ರ ಆಮೇಲೆ ಅಂತೆ.
ಬೀಗುತ್ತ ಹೇಳಿದೆ: ಬಾಯಿ, ಐದು!

"ಐದನೆಯದು ಎಲ್ಲಿಗೆ?
ಮಾಜಾಳಿ ನಾಕೆಯವರೆಗೆ ಮೂರೇ ಸಾಕು.
ನಾನು ಕೇಳಿದ್ದು ವೇಗವನ್ನಲ್ಲ."
ಎಡ ಮಂಡಿಯನ್ನು ತಟ್ಟಿದರು, ಸುಳ್ಳು ಹೇಳುವ ಹುಡುಗನನ್ನು ತಟ್ಟಿದ ಹಾಗೆ.
"ಹಳೇ ಗಾಡಿ. ಇಳಿಸಿ ಹಾಕುವಾಗೆಲ್ಲ ಕ್ಲಚ್ಚು ಎರಡೆರಡು ಸಲ ತುಳಿಯಬೇಕು.
ಇದು ಒಲ್ಲೆ ಅನ್ನುತ್ತದೆ."

ಆರು ವಾರ.
ಬೋಲ್ಟಿನ ಅಂತರ ಅಳೆದೆ, ಶಾಫ್ಟಿನ ಹಲ್ಲು ಎಣಿಸಿದೆ,
ಶಿರಸಿ ಬಸ್ಸಿನಲ್ಲಿ ರಟ್ಟು ನೆನೆಯದಂತೆ ಅಂಗಿಯೊಳಗೆ ಇಟ್ಟೆ.
ಮಂಡಿಯನ್ನು ಅಳೆದಿರಲಿಲ್ಲ.

ಮೀನು ತೂಗುವ ಸ್ಪ್ರಿಂಗ್ ಕಾಟ ತಂದು
ಕ್ಲಚ್ಚಿನ ಪೆಡಲಿಗೆ ಸಿಕ್ಕಿಸಿ ಎಳೆದೆ.
ಹದಿನಾರು ಕಿಲೋ. ಎರಡು ದೊಡ್ಡ ಇಸ್ವಾಣದ ಭಾರ,
ಪ್ರತಿ ತಿರುವಿನಲ್ಲಿ, ಎಪ್ಪತ್ತೊಂದರ ಈ ಕಾಲಿಗೆ.
ಆಮೇಲೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ,
ಪಾದಕ್ಕೆ ಬಲೆಯ ಹಗ್ಗ ಸುತ್ತಿ ಕೇಳಿದೆ: ಎಲ್ಲಿಗೆ ನೋವು ಶುರು?
ಮುಳ್ಳು ಎಂಟು ದಾಟುವಾಗ ಅವರು ಕಿಟಕಿಯಾಚೆ ನೋಡಿದರು.

ಇವತ್ತು ಜುಲೈ ಮೂವತ್ತೊಂದು.
ಬೋಟುಗಳಿಗೆ ಐಸು ತುಂಬುತ್ತಿದ್ದಾರೆ.
ಜಿಪ್ಸಿಯದೇ ಇರಬಹುದು, ಅದರ ಕ್ಲಚ್ಚು ಮೆದು.
ಇಲ್ಲವೇ ಹಳೆಯದಕ್ಕೇ ಹೊಸ ಹಲ್ಲು. ಇನ್ನೂ ಗೊತ್ತಿಲ್ಲ.
ಪುಸ್ತಕದಲ್ಲಿ ಬರೆದಿಟ್ಟೆ:
ಗೇರು. ಎಂಟು ಕಿಲೋ, ಹೆಚ್ಚಾಗಬಾರದು. ಬಾಯಿಗೆ.

ಸೊಪ್ಪಿನ ಲೆಕ್ಕ ಬರೆಯಲು ಪುಟ ತಿರುವಿದ ಶೇವಂತಿ ನಿಂತಳು:
"ಎಂಟು ಕಿಲೋ ಈಗ ಎಲ್ಲಿಂದ ತರುತ್ತೀರಿ?
ಗೇರು ಮುಗಿದು ಎರಡು ತಿಂಗಳಾಯಿತು."